ಎಂಜಿನ್ ಬೆನ್ನಿಗಿರುವ ಗಾಡಿ

ಗಾಡಿ ಇಟಲಿಯದು, ರಸ್ತೆ ಜರ್ಮನಿಯದು, ಸೀಟು ಸಂಕೇಶ್ವರದ ಗುಜರಿ ಅಂಗಡಿಯದು. ಮೂರನ್ನೂ ಒಂದೆಡೆ ಸೇರಿಸಿ ಚಿಕ್ಕೋಡಿಯ ತನ್ನ ಡ್ರೈವಿಂಗ್ ಸ್ಕೂಲಿನ ಒಳಕೋಣೆಯಲ್ಲಿ ಕೂರಿಸಿದವನು ಸಂದೇಶ. ಮೊದಲು ಅಲ್ಲಿ ಸವೆದ ಟೈರುಗಳಿದ್ದವು. ಈಗ ಗೋಡೆ ತುಂಬ ಟಿ.ವಿ., ಅದರ ಮುಂದೆ ಮೋಟರು ಕೂರಿಸಿದ ಸ್ಟೇರಿಂಗು, ಮೂರು ಪೆಡಲು, ಮೇಲೆ ಹೇಳಿದ ಸೀಟು. ಬಾಗಿಲ ನೆತ್ತಿಗೆ ಬೋರ್ಡು: ‘ಸಿಮ್ಯುಲೇಟರ್. ಖರೇ ಗಾಡಿಯ ಖರೇ ಅನುಭವ.’

ಸಿಮ್ಯುಲೇಟರ್ ಎಂಬುದು ಸಂದೇಶ ಅದಕ್ಕೆ ಕೊಟ್ಟ ಮರ್ಯಾದೆ. ಅಸಲಿಗೆ ಅದು ಪಡ್ಡೆ ಹುಡುಗರು ಆಡುವ ರೇಸಿಂಗ್ ಗೇಮು. ಅದರಲ್ಲೂ ಪೂರ್ತಿ ಗೇಮಲ್ಲ, ರುಚಿ ನೋಡಲೆಂದು ತಯಾರಿಸಿದವರು ಪುಕ್ಕಟೆ ಬಿಟ್ಟ ತುಣುಕು. ತುಣುಕಿನಲ್ಲಿ ಒಂದೇ ಗಾಡಿ, ಒಂದೇ ರಸ್ತೆ. ಗಾಡಿ ಕೆಂಪಗೆ, ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಮಲಗಿದಂಥದ್ದು. ಅದರ ಎಂಜಿನ್ ಮೂಗಿನಲ್ಲಿಲ್ಲ. ಡ್ರೈವರನ ಬೆನ್ನಿಗೂ ಹಿಂದಿನ ಗಾಲಿಗಳಿಗೂ ನಡುವೆ ಇದೆ. ಹೀಗಾಗಿ ರಾಯಬಾಗ, ಚಿಕ್ಕೋಡಿ ಸೀಮೆಯ ಶಾಲಾ ಮಾಸ್ತರರು, ಹಾಲು ಡೇರಿಯ ಕಾರ್ಯದರ್ಶಿಗಳು, ನಲವತ್ತು ದಾಟಿದ ಗೃಹಿಣಿಯರು ತಮ್ಮ ಜೀವಮಾನದ ಮೊದಲ ಗೇರನ್ನು ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ಗಾಡಿಯಲ್ಲಿ ಹಾಕತೊಡಗಿದರು. ಇದು ಯಾರಿಗೂ ವಿಚಿತ್ರ ಎನಿಸಲಿಲ್ಲ, ಒಬ್ಬರನ್ನು ಬಿಟ್ಟು.

ಆ ಒಬ್ಬರು ಅಣ್ಣಾಸಾಬ. ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತರಾಗಿ, ಈಗ ಸಂದೇಶನ ಶಾಲೆಯಲ್ಲಿ ಕಲಿಸುತ್ತಿದ್ದವರು. ಕಲಿಯುವವರ ಎಡಕ್ಕೆ ಕೂತು, ತಮ್ಮ ಕಾಲಡಿಯ ಹೆಚ್ಚುವರಿ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡಿರುವುದು ಅವರ ಕೆಲಸ. ಇಲಾಖೆಯ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಅಪಘಾತಗಳ ಸಂಖ್ಯೆ ಸೊನ್ನೆ. ಅವರನ್ನೇ ಕೇಳಿದರೆ ಒಂದು ಎನ್ನುತ್ತಿದ್ದರು. ದಿಗ್ಗೇವಾಡಿಯಲ್ಲಿ ಒಂದು ಕೋಳಿ. ಐವತ್ತೆರಡು ಪ್ರಯಾಣಿಕರಿದ್ದ ಬಸ್ಸನ್ನು ಅಲ್ಲೇ ನಿಲ್ಲಿಸಿ, ಕೋಳಿ ಯಾರದೆಂದು ಮನೆಮನೆ ಕೇಳಿ, ಕೊನೆಗೆ ಮಲಕವ್ವ ಎಂಬ ಮುದುಕಿಯ ಅಂಗಳದಲ್ಲಿ ನಿಂತು, ಅವಳು ಬೈದಷ್ಟನ್ನೂ ಪೂರ್ತಿ ಕೇಳಿಸಿಕೊಂಡು ಬಂದಿದ್ದರು. ಬಸ್ಸು ನಲವತ್ತು ನಿಮಿಷ ತಡವಾಗಿತ್ತು.

ಯಂತ್ರ ಬಂದ ದಿನ ಸಂದೇಶ ಅವರನ್ನೇ ಮೊದಲು ಕೂರಿಸಿದ. ಜೋಡಿಸಲು ಬಂದಿದ್ದ ಕುಣಾಲ ಪಕ್ಕದಲ್ಲಿ ನಿಂತ. ಅವನು ನಿಪ್ಪಾಣಿಯವನು, ಅರ್ಧ ಕನ್ನಡ, ಅರ್ಧ ಮರಾಠಿ, ಮಿಕ್ಕಿದ್ದೆಲ್ಲ ಉತ್ಸಾಹ.

“ಬಸಾ ಕಾಕಾ, ಕೂಡ್ರಿ. ಏಕದಂ ರಿಯಲ್ ಐತಿ. ಟೈರ್ ಎಷ್ಟ ಬಿಸಿ ಆಗೈತಿ ಅನ್ನೂದನೂ ಲೆಕ್ಕಾ ಹಿಡೀತೈತಿ. ಪೆಟ್ರೋಲ್ ಕಡಿಮಿ ಆದಂಗ ಗಾಡಿ ಹಗರ ಆಗತೈತಿ. ನೂರಕ್ಕ ಐವತ್ತೆಂಟ ಪಾಲು ವಜ್ಜಾ ಹಿಂದಿನ ಗಾಲಿ ಮ್ಯಾಲ. ಕಾಯ್ ಸಾಂಗೂ, ಏನಂತ ಹೇಳ್ಲಿ!”

“ಹಿಂಭಾರದ ಚಕ್ಕಡಿ ಅನ್ನು,” ಎಂದರು ಅಣ್ಣಾಸಾಬ. “ಎತ್ತಿನ ಕೊಳ್ಳಾಗಿಂದ ನೊಗಾ ಎತ್ತತೈತಿ ಅದು. ನಮ್ಮಪ್ಪ ಅಂಥಾದು ಹೇರಿದವ್ಗ ಚಬಕಾ ತಗೋತಿದ್ದ.”

ಹೊರಟರು. ಎರಡು ತಿರುವು ಸುಸೂತ್ರವಾಯಿತು. ಮೂರನೆಯದು ಕಡಿದಾಗಿ ಕಂಡಿತು. ಮೂವತ್ತೊಂದು ವರ್ಷ ಮಾಡಿದ್ದನ್ನೇ ಮಾಡಿದರು, ಎಕ್ಸಲರೇಟರಿನಿಂದ ಕಾಲು ತೆಗೆದರು. ಕೆಂಪು ಗಾಡಿ ಬುಗುರಿಯಂತೆ ತಿರುಗಿ ಹಿಮ್ಮುಖವಾಗಿ ಬೇಲಿಗೆ ಬಡಿಯಿತು. ಮತ್ತೆ ಹೊರಟರು. ಮತ್ತೆ ಬೇಲಿ. ಮೂರನೆಯ ಸಲ ಬೇಲಿಗೆ ಬಡಿಯುವಾಗ ಬಾಗಿಲಲ್ಲಿ ಐದಾರು ಜನ ಸೇರಿದ್ದರು, ಮತ್ತು ಯಾರೋ ಮೊಬೈಲು ಎತ್ತಿ ಹಿಡಿದಿದ್ದರು.

“ತಿರುವಿನ್ಯಾಗ ಕಾಲ ತೆಗದ್ರಿ, ಕಾಕಾ,” ಎಂದ ಕುಣಾಲ. “ತೆಗೀಬಾರದು. ಕಾಲ ತೆಗದ ಕೂಡ್ಲೆ ವಜ್ಜಾ ಮುಂದ ಓಡಿ ಬರತೈತಿ, ಹಿಂದಿನ ಗಾಲಿ ಹಗರಾಗಿ ಹಿಡಿತ ಬಿಡತಾವು. ಎಂಜಿನ್ ಅಲ್ಲೇ ಐತೆಲ್ಲ, ಬೀಸಿ ಒಗದಂಗ ಒಗೀತೈತಿ. ಖರೇ ಗಾಡೀನೂ ಹಿಂಗ ಮಾಡತೈತಿ. ಅದಕ್ಕ ಹೇಳಿದ್ದು ರಿಯಲ್ ಅಂತ.”

ಹೇಳುತ್ತ ಒಂದು ಗುಂಡಿ ಒತ್ತಿದ. ಜಜ್ಜಿಹೋಗಿದ್ದ ಗಾಡಿ ತೊಳೆದು ಒರೆಸಿದಂತೆ ರಸ್ತೆಯ ನಡುವೆ ನಿಂತಿತು.

“ಈಗ ಏನಾತಿದು?”

“ರಿಸೆಟ್, ಕಾಕಾ.”

“ಮತ್ತ ಹೊಡದದ್ದು?”

“ಹೊಡದದ್ದು ಹೋತು.”

ಕತ್ತಲಲ್ಲಿ ಬರಿಗಾಲಿಗೆ ಏನೋ ಮೆತ್ತಗಿನದು ಸಿಕ್ಕಾಗ ಮನುಷ್ಯನ ಮುಖ ಹೇಗಾಗುತ್ತದೋ ಹಾಗಾಯಿತು ಅಣ್ಣಾಸಾಬರ ಮುಖ. ಸೀಟಿನಿಂದ ಎದ್ದು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

“ಥೂ. ಗಾಡಿ ಜಾರೂದು ಮೊದಲ ಯಾರಿಗೆ ತಿಳೀತೈತಿ ಗೊತ್ತೇನು? ಕಣ್ಣಿಗಲ್ಲ. ಮೊದಲ…” ಎಂದವರು ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬರನ್ನು ನೋಡಿ ಶಬ್ದ ಬದಲಿಸಿದರು. “ಮೊದಲ ಸೊಂಟಕ್ಕ. ಆಮ್ಯಾಲ ಕೈಗೆ. ಕಟ್ಟಾಕಡೀಕ ಕಣ್ಣಿಗೆ. ನಿನ್ನ ಗಾಡ್ಯಾಗ ಕಣ್ಣಿಗೆ ಗೊತ್ತಾಗತೈತಿ, ಕೈಗೂ ಥೋಡೆ ಗೊತ್ತಾಗತೈತಿ. ಸೊಂಟ ಸತ್ತೈತಿ. ಸತ್ತ ಸೊಂಟದವಗ ಗಾಡಿ ಕಲಸ್ತಾನಂತ!”

ಬಾಗಿಲಲ್ಲಿದ್ದ ಹೆಂಗಸು ಸೆರಗಿನಲ್ಲಿ ನಕ್ಕರು. ಅವರು ರಾಜಮತಿ, ಸಂದೇಶನ ತಾಯಿಯ ತಂಗಿ. ವಯಸ್ಸು ನಲವತ್ತೇಳು. ಗಾಡಿ ಕಲಿಯಲು ಬಂದಿದ್ದರು, ಮತ್ತು ಅವರಿಗೆ ಅದು ಶೋಕಿಯಾಗಿರಲಿಲ್ಲ.

ರಾಜಮತಿಯವರ ಗಂಡ ಬಾಪುಸಾಹೇಬರಿಗೆ ಸಕ್ಕರೆ ರೋಗ ಕಣ್ಣಿಗೆ ಇಳಿದಿತ್ತು. ತಿಂಗಳಿಗೊಮ್ಮೆ ಮಿರಜದ ಆಸ್ಪತ್ರೆಗೆ ಹೋಗಿ ಕಣ್ಣಿಗೇ ಸೂಜಿ ಚುಚ್ಚಿಸಿಕೊಂಡು ಬರಬೇಕು. ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಜೈನರ ಮನೆಯಲ್ಲಿ ಇದು ದೊಡ್ಡ ಮಾತಲ್ಲ. ಆದರೆ ಬಾಪುಸಾಹೇಬರು ಅದರ ಮೇಲೆ ತಮ್ಮದೊಂದು ಸೇರಿಸಿಕೊಂಡಿದ್ದರು: ಆಸ್ಪತ್ರೆಯ ಹೊಸ್ತಿಲು ತುಳಿದ ಮೈಗೆ ನೀರು ಬೀಳದೆ ಬಾಯಿಗೆ ತುತ್ತು ಬೀಳಬಾರದು. ರಾಜಮತಿ ಪ್ರತಿ ತಿಂಗಳೂ ಡಬ್ಬಿ ಕಟ್ಟುತ್ತಿದ್ದರು, ಡಬ್ಬಿ ಪ್ರತಿ ತಿಂಗಳೂ ತುಂಬಿದ್ದು ತುಂಬಿದಂತೆ ಮರಳುತ್ತಿತ್ತು. ಬಾಡಿಗೆ ಡ್ರೈವರನಿಗೆ ಕಾಗವಾಡದಲ್ಲಿ ಚಹಾ, ಅಂಕಲಿಯಲ್ಲಿ ಗೆಳೆಯರು. ಎರಡು ಸಲ ಮನೆ ಮುಟ್ಟುವಾಗ ಕತ್ತಲಾಗಿತ್ತು. ಎರಡನೆಯ ಸಲ ಬಾಪುಸಾಹೇಬರು ರಾತ್ರಿಯೆಲ್ಲ ಉಪವಾಸವಿದ್ದು, ಬೆಳಗಿನ ಜಾವ ಬೆವರಿ, ನಡುಗಿ, ಹೆಂಡತಿಯ ಹೆಸರು ಮರೆತರು. ಡಾಕ್ಟರರು, “ಇನ್ನೊಂದು ಸಲ ಹೀಗಾದರೆ ನನ್ನ ಹತ್ತಿರ ತರಬೇಡಿ” ಎಂದಿದ್ದರು. ಮುಂದಿನ ಸೂಜಿ ಜನವರಿ ಕೊನೆಯ ಶುಕ್ರವಾರ. ಅಷ್ಟರೊಳಗೆ ತಾನೇ ಗಾಡಿ ಕಲಿತು, ಹೊತ್ತಿರುವಾಗಲೇ ಗಂಡನನ್ನು ಮನೆ ಮುಟ್ಟಿಸಬೇಕು ಎಂಬುದು ರಾಜಮತಿಯವರ ಲೆಕ್ಕ.

“ಮಾಂವಶಿ, ಎಂಟ ದಿನ ಇದರಾಗ ಕಲಿ,” ಎಂದ ಸಂದೇಶ. “ಆಮ್ಯಾಲ ಎರಡ ದಿನ ರೋಡು. ಕೆಲಸ ಫತ್ತೆ.”

ಆಶ್ಚರ್ಯವೆಂದರೆ ರಾಜಮತಿ ಆ ಕೆಂಪು ಗಾಡಿಯಲ್ಲಿ ಪ್ರವೀಣರಾದರು. ಅಣ್ಣಾಸಾಬರ ದೇಹ ಮೂವತ್ತೊಂದು ವರ್ಷದ ಅಭ್ಯಾಸದಂತೆ ಸೀಟಿನಿಂದ ಒಂದು ಸೂಚನೆಗೆ ಕಾಯುತ್ತಿತ್ತು, ಅದು ಬರುತ್ತಲೇ ಇರಲಿಲ್ಲ. ರಾಜಮತಿಯವರಿಗೆ ಕಾಯಲು ಅಂಥದ್ದೇನೂ ಇರಲಿಲ್ಲ. ಕಣ್ಣಿಗೆ ಕಂಡದ್ದನ್ನು ನಂಬಿದರು; ಕುಣಾಲ ಹೇಳಿದ್ದನ್ನು ಮಂತ್ರದಂತೆ ಹಿಡಿದರು: ತಿರುವಿನಲ್ಲಿ ಕಾಲು ತೆಗೆಯಬಾರದು, ಒಂದೇ ಹದಕ್ಕೆ ಒತ್ತಿ ಹಿಡಿಯಬೇಕು. ನಾಲ್ಕನೆಯ ದಿನ ಇಡೀ ಸುತ್ತನ್ನು ಒಮ್ಮೆಯೂ ತಿರುಗದೆ ಮುಗಿಸಿದರು. ಐದನೆಯ ದಿನ ಸುತ್ತು ಮುಗಿಸುವ ಹೊತ್ತಿನಲ್ಲಿ ಕುಣಾಲನ ದಾಖಲೆಯನ್ನೇ ಮುರಿದರು. ಸಂದೇಶ ವಿಡಿಯೋ ಮಾಡಿ ಊರ ವಾಟ್ಸಪ್ ಗುಂಪುಗಳಿಗೆಲ್ಲ ಬಿಟ್ಟ. ಅದರ ಬೆನ್ನಿಗೇ, ಯಾರೋ ಅಣ್ಣಾಸಾಬರ ಮೂರು ಬೇಲಿಗಳ ವಿಡಿಯೋ ಬಿಟ್ಟರು.

“ಬಸ್ ಡ್ರೈವರ ಬೇಲಿಗೆ, ನಮ್ಮ ರಾಜಕ್ಕ ನಂಬರ್ ಒಂದಕ್ಕ!” ಎಂದು ಚಹಾದಂಗಡಿಯ ಭೀಮಸಿ ಅಣ್ಣಾಸಾಬರಿಗೇ ಕೇಳುವಂತೆ ಕೂಗಿದ.

“ಹೌದಪಾ,” ಎಂದರು ಅಣ್ಣಾಸಾಬ. “ನಿನ್ನ ಎಮ್ಮಿನೂ ಅದರಾಗ ಕೂಡಸು. ಟೈರಿನ ಬಿಸಿ ನೋಡಿ ಹಾಲ ಕೊಡತೈತಿ.”

ಒಂಬತ್ತನೆಯ ದಿನ ರಾಜಮತಿಯವರನ್ನು ಶಾಲೆಯ ಬಿಳಿ ಸಣ್ಣ ಕಾರಿನಲ್ಲಿ ರಸ್ತೆಗಿಳಿಸಿದರು. ಎಲ್ಲರ ಕಾರಿನಂತೆ ಎಂಜಿನ್ ಮೂಗಿನಲ್ಲಿರುವ, ಮುಂದಿನ ಗಾಲಿಗಳೇ ಎಳೆಯುವ ಕಾರು. ಗೇರು, ಕ್ಲಚ್ಚು, ಕನ್ನಡಿ ಎಲ್ಲವೂ ಸರಿ. ಅಣ್ಣಾಸಾಬರಿಗೆ ಮನಸ್ಸಿನಲ್ಲೇ ನಾಚಿಕೆಯಾಯಿತು, ಇಷ್ಟು ದಿನ ಸುಮ್ಮನೆ ಬೈದೆನೇ ಎಂದು. ಅಂಕಲಿಯ ಹತ್ತಿರ ರಸ್ತೆ ಎಡಕ್ಕೆ ಬಾಗುತ್ತದೆ. ಕಬ್ಬಿನ ಟ್ರೇಲರುಗಳಿಂದ ಉದುರಿದ ಸೋಗೆ, ಸಿಪ್ಪೆ ಡಾಂಬರಿನ ಮೇಲೆ ಹಾಸಿತ್ತು. ಆಚೆ ಅಂಚಿನಲ್ಲಿ ಕುರಿಗಳನ್ನು ಹೊಡೆದುಕೊಂಡು ಬೀರದೇವ ಎಂಬ ಕುರುಬ ಬರುತ್ತಿದ್ದ.

ರಾಜಮತಿ ತಿರುವಿಗೆ ಇಳಿದರು. ಕಾಲು ತೆಗೆಯಲಿಲ್ಲ. ಒಂದೇ ಹದಕ್ಕೆ ಒತ್ತಿ ಹಿಡಿದರು.

ಬಿಳಿ ಕಾರು ಬುಗುರಿಯಂತೆ ತಿರುಗಲಿಲ್ಲ. ಅದಕ್ಕೆ ಆ ವಿದ್ಯೆ ಗೊತ್ತಿಲ್ಲ. ಅದರ ದೋಷ ಬೇರೆ. ಸ್ಟೇರಿಂಗು ಎಡಕ್ಕೆ ತಿರುಗಿದ್ದರೂ ಮುಂದಿನ ಗಾಲಿಗಳು ಸೋಗೆಯ ಮೇಲೆ ಜಾರಿ ಮೂಗು ನೇರವಾಗಿ, ಆಚೆ ಅಂಚಿಗೆ, ಕುರಿಗಳತ್ತ ಹೊರಟಿತು. ಕಾಲು ತೆಗೆದಿದ್ದರೆ ಭಾರ ಮುಂದೆ ಬಂದು ಮೂಗು ಮತ್ತೆ ನೆಲ ಕಚ್ಚುತ್ತಿತ್ತು. ಆದರೆ ಕಲಿತ ಕಾಲು ತೆಗೆಯಲಿಲ್ಲ. ಅಣ್ಣಾಸಾಬ ತಮ್ಮ ಬ್ರೇಕು ತುಳಿದರು. ಕಾರು ಒಂದು ಟಗರಿನ ಕೋಡಿನಿಂದ ಮಾರು ದೂರದಲ್ಲಿ ನಿಂತಿತು.

“ಯವ್ವಾ, ಬೇಕಂತನ ಬಂದಿ ನನ್ನ ಮ್ಯಾಲ!” ಎಂದ ಬೀರದೇವ. “ಮದಿವಿ ಊಟಕ್ಕ ಕುರಿ ಬೇಕಾಗಿದ್ರ ಮನೀಗೆ ಬಂದ ಕೇಳ್ರೆಲಾ!”

ರಾಜಮತಿಯವರ ಬಲಗೈ ಸ್ಟೇರಿಂಗಿನ ಪಕ್ಕದಲ್ಲಿ ಏನನ್ನೋ ತಡಕಾಡುತ್ತಿತ್ತು. ಅದು ರಿಸೆಟ್ ಗುಂಡಿಯ ಜಾಗ ಎಂದು ಅಣ್ಣಾಸಾಬರಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ತಿಳಿದಾಗ ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದರು.

“ಅಣ್ಣಾರ, ನಾ ಬರೋಬ್ಬರಿ ಮಾಡಿದ್ನೆಲ್ಲರಿ?”

“ಬರೋಬ್ಬರಿನ ಮಾಡೀರಿ ವೈನ್ಯಾರ. ಇಟಲಿ ಗಾಡೀಗೆ ಬರೋಬ್ಬರಿ ಐತಿ. ಆ ನಿಪ್ಪಾಣಿ ಹುಡಗ ಸುಳ್ಳ ಹೇಳಿಲ್ಲ, ಅದ ಹೊಲಸು. ಸುಳ್ಳ ಕಲಿಸಿದ್ರ ಮರಸಬಹುದಿತ್ತು.”

ಶಾಲೆಗೆ ಬಂದು ಸಂದೇಶನ ಮುಂದೆ ಕೀಲಿಕೈ ಒಗೆದರು.

“ನಿಮ್ಮ ಮಾಂವಶಿ ಟಗರಿಗೆ ಹಾಯಾಕ ಹೋಗಿದ್ಳು. ನಾಳಿಂದ ಆ ಕ್ವಾಣ್ಯಾಗ ಆಕೀನ ಕೂಡಸಿದ್ರ ನಾ ಮನೀಗೆ ಹೊಂಟೆ.”

“ಮಾಮಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ವಿಡಿಯೋ ಬಿಟ್ಟದ್ದು ನಾ ಅಲ್ಲ.”

“ಲೇ, ವಿಡಿಯೋ ಸುಡು. ನಾ ಕಾಲಿನ ಮಾತ ಆಡಾಕತ್ತೀನಿ.”

ಉಳಿದದ್ದು ನಾಲ್ಕು ದಿನ. ಅಣ್ಣಾಸಾಬ ಪಾಠವನ್ನು ತಲೆಕೆಳಗು ಮಾಡಿದರು. ತಾವು ಸ್ಟೇರಿಂಗಿಗೆ ಕೂತು ರಾಜಮತಿಯವರನ್ನು ಎಡಕ್ಕೆ ಕೂರಿಸಿದರು.

“ಕಣ್ಣ ಮುಚ್ಚರಿ. ಗಾಡಿ ಏನ ಮಾಡಾಕತ್ತೈತಿ, ಹೇಳ್ರಿ.”

“ಕಣ್ಣ ಮುಚ್ಚಿ ಹೆಂಗ ಹೇಳ್ಲಿರಿ?”

“ಕತ್ತಲ್ಯಾಗ ಹಿಟ್ಟ ನಾದತೀರಿಲ್ಲ? ಹದಾ ಕಣ್ಣಿಗೆ ಕಾಣತೈತೇನು?”

ಮೊದಲ ದಿನ ಬಲಕ್ಕೆ ಹೋದರೆ ಎಡಕ್ಕೆ ಎಂದರು. ಎರಡನೆಯ ದಿನ ತೊಡೆಯ ಮೇಲೆ ಭಾರ ಸರಿಯುವುದು ತಿಳಿಯಿತು. ಮೂರನೆಯ ದಿನ ಸೋಗೆ ಬಿದ್ದ ಕಡೆ, ಅಣ್ಣಾಸಾಬ ಕಾಲು ತೆಗೆಯುವ ಮುಂಚೆಯೇ, “ಹಗರಾತು, ಮೋರೆ ಹಗರಾತು!” ಎಂದು ಕೂಗಿದರು. ಅಣ್ಣಾಸಾಬ ಗಾಡಿ ನಿಲ್ಲಿಸಿ ಜಾಗ ಬದಲಿಸಿಕೊಂಡರು.

ನಾಲ್ಕನೆಯ ದಿನ, ಗುರುವಾರ, ಲೈಸೆನ್ಸಿನ ಪರೀಕ್ಷೆ; ಕಲಿಯುವವರ ಲೈಸೆನ್ಸನ್ನು ರಾಜಮತಿ ತಿಂಗಳ ಹಿಂದೆಯೇ ಮಾಡಿಸಿಟ್ಟಿದ್ದರು. ಮೊದಲ ಗೇರಿನಲ್ಲಿ ಎಂಟರ ಆಕಾರದ ಒಂದು ಸುತ್ತು, ಹಿಂದಕ್ಕೆ ಹತ್ತು ಮಾರು. ರಾಜಮತಿ ತಪ್ಪಿಲ್ಲದೆ ಮುಗಿಸಿದರು. ಅಂಕಲಿಯ ತಿರುವಿನ ಬಗ್ಗೆ ಅಲ್ಲಿ ಯಾರೂ ಏನೂ ಕೇಳಲಿಲ್ಲ. ನಿಯಮದಲ್ಲಿ ತಿರುವೆಂದರೆ ಎಂಟು.

ಶುಕ್ರವಾರ ಮಿರಜಕ್ಕೆ ತಮ್ಮದೇ ಕಾರಿನಲ್ಲಿ ಹೊರಟರು. ಹಿಂದಿನ ಸೀಟಿನಲ್ಲಿ ಬಾಪುಸಾಹೇಬರು, ಅವರ ಪಕ್ಕದಲ್ಲಿ ಡಬ್ಬಿ, ಸೋಸಿದ ನೀರಿನ ತಂಬಿಗೆ. ಎಡಕ್ಕೆ ಅಣ್ಣಾಸಾಬ, ಕರೆದಿರಲಿಲ್ಲ, ಬಂದು ಕೂತಿದ್ದರು. ಈ ಕಾರಿನಲ್ಲಿ ಅವರ ಕಾಲಡಿ ಬ್ರೇಕಿರಲಿಲ್ಲ, ಆದರೂ ದಾರಿಯುದ್ದಕ್ಕೂ ತುಳಿದರು.

ಆಸ್ಪತ್ರೆಯಲ್ಲಿ ಸರದಿ ಉದ್ದವಾಯಿತು. ಹೊರಬಿದ್ದಾಗ ನಾಲ್ಕೂಮುಕ್ಕಾಲು. ಬಾಪುಸಾಹೇಬರ ಒಂದು ಕಣ್ಣಿಗೆ ಪಟ್ಟಿ. ಬೆಳಿಗ್ಗೆ ತಿಂದದ್ದೇ ಕೊನೆ.

“ಎರಡ ತುತ್ತ ಉಣ್ರಿ,” ಎಂದರು ರಾಜಮತಿ.

“ಮನ್ಯಾಗ. ಜಳಕಾ ಆದ ಮ್ಯಾಲ. ಹೊಡಿ ಗಾಡಿ, ವ್ಯಾಳೆ ಐತಿ.”

ಕಾಗವಾಡ ದಾಟಿದರು. ಮಾಂಜರಿ ದಾಟಿ ಹೊಳೆಯ ಕಡೆ ಬರುವಾಗ ಸೂರ್ಯ ಕಬ್ಬಿನ ಗರಿಗಳ ಮೇಲೆ ಕೂತಿದ್ದ. ಬಾಪುಸಾಹೇಬರ ಮಾತು ತೊದಲತೊಡಗಿತ್ತು. “ಜಲ್ದಿ, ಜಲ್ದಿ,” ಎಂಬುದೊಂದೇ ಸ್ಪಷ್ಟವಾಗಿ ಕೇಳುತ್ತಿತ್ತು. ರಾಜಮತಿ ಕಾಲು ಒತ್ತಿದರು. ಮುಂದೆ ತಿರುವು, ಎರಡೂ ಕಡೆ ಆಳೆತ್ತರದ ಕಬ್ಬು, ಆಚೆ ಏನಿದೆ ಕಾಣದು. ಅಣ್ಣಾಸಾಬ ಬಾಯಿ ತೆರೆದರು. ಅಷ್ಟರಲ್ಲಿ ರಾಜಮತಿಯವರ ಬೆನ್ನು ಸೀಟಿನಲ್ಲಿ ಸ್ವಲ್ಪ ಸರಿಯಿತು, ಕಾಲು ಮೇಲೆ ಬಂತು. ಸೋಗೆ ಚರ್ರೆಂದಿತು. ಮೂಗು ನೆಲ ಕಚ್ಚಿ ತಿರುವಿನೊಳಗೆ ಬಂತು. ಬಂದರೆ ಎದುರಿಗೆ, ರಸ್ತೆಗೆ ಅಡ್ಡಲಾಗಿ, ಮಗುಚಿದ ಟ್ರೇಲರು. ಅದರ ಸುತ್ತ ಕಬ್ಬಿನ ಗುಡ್ಡ. ಗಾಡಿ ನಿಂತಾಗ ನಡುವೆ ಇನ್ನೂ ಒಂದು ಎತ್ತಿನಗಾಡಿ ಹಿಡಿಯುವಷ್ಟು ಜಾಗವಿತ್ತು.

ಟ್ರ್ಯಾಕ್ಟರಿನ ಡ್ರೈವರು ಕಬ್ಬಿನ ರಾಶಿಯ ಮೇಲೆ ಕೂತು ಒಂದು ಜಲ್ಲೆ ಸಿಗಿಯುತ್ತಿದ್ದ. “ತಾಸೆರಡ ತಾಸ ಆಗತೈತ್ರಿ,” ಎಂದ ಸಮಾಧಾನದಿಂದ.

ಹೊತ್ತು ಮುಳುಗಲು ಕಾಲು ತಾಸು ಇತ್ತು. ರಾಜಮತಿ ಇಳಿದು ಹಿಂದಿನ ಬಾಗಿಲು ತೆರೆದರು. ಗಂಡನ ಕೈ ತಣ್ಣಗೆ, ಒದ್ದೆ. ಕಬ್ಬಿನಾಚೆ ಎಲ್ಲೋ ಪಂಪು ಓಡುವ ಸದ್ದು.

“ಏಳ್ರಿ. ಅಲ್ಲಿ ನೀರ ಐತಿ. ಕೈಕಾಲ ತೊಳಕೋರಿ, ಉಣ್ರಿ.”

“ರಸ್ತೇದಾಗ? ಜಳಕಾ…”

“ಕಣ್ಣಿಗೆ ಪಟ್ಟಿ ಐತಿ, ಜಳಕಾ ಹೆಂಗ? ನೋಡ್ರಿ, ಗಾಡಿ ನಾ ನಿಲ್ಲಸೀನಿ. ಹಠಾ ನೀವ ನಿಲ್ಲಸ್ರಿ.”

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಬಾಪುಸಾಹೇಬರು ಈ ದನಿ ಕೇಳಿರಲಿಲ್ಲ. ಅಣ್ಣಾಸಾಬರ ಹೆಗಲು ಹಿಡಿದು ಪಂಪಿನ ತೊಟ್ಟಿಗೆ ಹೋಗಿ ಮೊಣಕಾಲವರೆಗೆ ತೊಳೆದುಕೊಂಡರು. ಅಷ್ಟರಲ್ಲಿ ರಾಜಮತಿ ಬಾನೆಟ್ಟು ಎತ್ತಿ, ಕೆಳಗಿನ ಬಿಸಿಗೆ ಡಬ್ಬಿ ಇಟ್ಟಿದ್ದರು. ಬಸ್ಸಿನಲ್ಲಿ ಎಂಜಿನ್ ಮುಚ್ಚಳದ ಮೇಲೆ ಡಬ್ಬಿ ಇಟ್ಟರೆ ರಾಯಬಾಗ ಬರುವಷ್ಟರಲ್ಲಿ ಬಿಸಿಯಾಗುತ್ತಿತ್ತೆಂದು ಪಾಠದ ನಡುವೆ ಅಣ್ಣಾಸಾಬರೇ ಹೇಳಿದ್ದು.

ಬದುವಿನ ಮೇಲೆ ಟವೆಲು ಹಾಸಿ ಕೂತು ಬಾಪುಸಾಹೇಬರು ಜೋಳದ ಭಕ್ಕರಿ ಮುರಿದರು. ಮೊದಲ ತುತ್ತಿಗೆ ಕೈ ನಡುಗಿತು, ಐದನೆಯದಕ್ಕೆ ನಿಂತಿತು. ಸೂರ್ಯನ ಕೆಳಗಂಚು ಕಬ್ಬಿನೊಳಗೆ ಇಳಿಯುವಾಗ ಅವರು ಸೋಸಿದ ನೀರು ಬಾಯಿಗೆ ಸುರಿದುಕೊಂಡು, “ಪಲ್ಯಾಕ ಉಪ್ಪ ಕಡಿಮಿ ಆಗೈತಿ, ರಾಜಮತಿ,” ಎಂದರು. ಹೆಸರು ನೆನಪಿತ್ತು. ರಾಜಮತಿ ಬೇರೆ ಕಡೆ ಮುಖ ತಿರುಗಿಸಿ ಖಾಲಿ ಡಬ್ಬಿಯನ್ನು ಬಹಳ ಹೊತ್ತು ಒರೆಸಿದರು.

ಸೋಮವಾರ ಅಣ್ಣಾಸಾಬ ಶಾಲೆಗೆ ಬಂದಾಗ ಒಳಕೋಣೆಯ ಮುಂದೆ ಸಾಲು ನಿಂತಿತ್ತು. ಬಾಗಿಲ ಪಕ್ಕ ಹೊಸ ಬ್ಯಾನರು. ಅದರಲ್ಲಿ ಕೆಂಪು ಗಾಡಿಗೆ ಒರಗಿ ನಿಂತಂತೆ ಕತ್ತರಿಸಿ ಅಂಟಿಸಿದ ರಾಜಮತಿ. ಕೆಳಗೆ: ‘ಸಿಮ್ಯುಲೇಟರಿನಲ್ಲಿ ಕಲಿತರು, ಮಿರಜದ ರಸ್ತೆಯಲ್ಲಿ ಪ್ರಾಣ ಉಳಿಸಿದರು.’

ಒಳಗಿಂದ ಕುಣಾಲ ಓಡಿ ಬಂದ.

“ಕಾಕಾ, ಬರ್ರಿ, ನಿಮ್ಮ ಸಲುವಾಗಿನ ಮಾಡೇನಿ. ನೀವ ಅವತ್ತ ರಿಯಲ್ ಅಲ್ಲ ಅಂದ್ರೆಲ್ಲ? ಸಂದೇಶಣ್ಣ ಹೇಳಿದ, ನಿಮ್ದು ಒಂದು ಕೋಳಿ ಸುದ್ದಿ ಐತೆಂತ. ಹೊಸಾ ಗೇಮಿನ್ಯಾಗ ರಸ್ತೆ ಮ್ಯಾಲ ಕೋಳಿ ಹಾಕೀನಿ. ಏಕದಂ ಖರೇ ಕೋಳಿ, ರೆಕ್ಕಿ ಸೈತ ಹಾರತಾವು.”

ಟಿ.ವಿ.ಯಲ್ಲಿ ಜರ್ಮನಿಯ ರಸ್ತೆಯ ನಡುವೆ ಬಿಳಿ ಕೋಳಿಯೊಂದು ಕಾಳು ಹೆಕ್ಕುತ್ತಿತ್ತು. ಸೀಟಿನಲ್ಲಿದ್ದ ಡೇರಿಯ ಕಾರ್ಯದರ್ಶಿ ಕಾಲು ತೆಗೆಯದೆ ಅದರ ಮೇಲೆ ಹಾಯ್ದರು. ಪರದೆಯ ತುಂಬ ಗರಿ. ಜನ ನಕ್ಕರು.

“ಸತ್ತಿತಲ್ಲ,” ಎಂದರು ಅಣ್ಣಾಸಾಬ.

“ರಿಸೆಟ್, ಕಾಕಾ.” ಕುಣಾಲ ಗುಂಡಿ ಒತ್ತಿದ. ಕೋಳಿ ಮತ್ತೆ ಹೆಕ್ಕತೊಡಗಿತು.

“ಮತ್ತ ಮಲಕವ್ವ ಎಲ್ಲಿ ಅದಾಳ?”

“ಯಾರ್ರಿ?”

ಅಣ್ಣಾಸಾಬ ಮೊಳೆಗೆ ನೇತುಹಾಕಿದ್ದ ಬಿಳಿ ಕಾರಿನ ಕೀಲಿಕೈ ತೆಗೆದುಕೊಂಡು, ಸಾಲಿನಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿ, ಕಣ್ಣು ಮುಚ್ಚಿ ಕೂಡಲು ಯಾರು ಬರುತ್ತೀರೆಂದು ಕೇಳಿದರು. ಯಾರೂ ಸಾಲು ಬಿಡಲಿಲ್ಲ.